ಗ್ರಾಫಿಕ್ಸ್ ಡ್ರೈವರ್: ಆಯ್ಕೆ ಇರಲಿ, ಒಗಟು ಬೇಡ

ಕಮಲಾಪುರದಿಂದ ಕಲಬುರಗಿಯ ಎಂಜಿನಿಯರಿಂಗ್ ಕಾಲೇಜಿಗೆ ಓಡಾಡುವ ವಿದ್ಯಾರ್ಥಿನಿಯೊಬ್ಬಳು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡು ಅದಕ್ಕೆ ಲಿನಕ್ಸ್ ಹಾಕಲು ಹೊರಟಿದ್ದಾಳೆ ಎಂದಿಟ್ಟುಕೊಳ್ಳಿ. ಲಿನಕ್ಸ್‌ನ ಒಂದು ರೂಪವಾದ ಉಬುಂಟು ಹಾಕಿದರೆ ಗ್ರಾಫಿಕ್ಸ್ ಬಗ್ಗೆ ಸಾಮಾನ್ಯವಾಗಿ ಯಾವ ಪ್ರಶ್ನೆಯೂ ಏಳುವುದಿಲ್ಲ. ಇನ್ನೊಂದು ರೂಪವಾದ ಜೆಂಟೂ ಹಾಕಿದರೆ ತನ್ನ ವಿಡಿಯೊ ಕಾರ್ಡ್ ಯಾವುದೆಂದು ಸಾಮಾನ್ಯವಾಗಿ ಅವಳೇ ಬರೆದುಕೊಡಬೇಕು. ಅದಕ್ಕಿರುವ ಉತ್ತರಗಳು ಕಾರ್ಡನ್ನು ನಡೆಸುವ ಡ್ರೈವರ್‌ಗಳ ಹೆಸರುಗಳು, ಕೆಲವು ಹೀಗಿವೆ: ಆರ್600, ರೇಡಿಯಾನ್‌ಎಸ್‌ಐ, ಎಎಂಡಿಜಿಪಿಯು, ನೂವೋ. ಲ್ಯಾಪ್‌ಟಾಪಿನ ಸ್ಟಿಕ್ಕರ್ ಮೇಲೆ ಇವುಗಳಲ್ಲಿ ಒಂದೂ ಕಾಣುವುದಿಲ್ಲ.

ಉಬುಂಟು ಎಂದರೆ ಅಂಗಡಿಯಲ್ಲಿ ಸಿಗುವ ತೊಗರಿಬೇಳೆ ಪ್ಯಾಕೆಟ್. ಜೆಂಟೂ ಎಂದರೆ ಇಡೀ ತೊಗರಿ ತಂದು ನಮಗೆ ಬೇಕಾದಂತೆ ಒಡೆಸಿಕೊಳ್ಳುವುದು. ಅದರ 1.0 ಆವೃತ್ತಿ 2002ರಲ್ಲಿ ಬಂತು. ಆಗ ಬಹುತೇಕ ತಂತ್ರಾಂಶಗಳ ಮೂಲ ಸಂಕೇತವನ್ನು ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿಕೊಳ್ಳಬೇಕಿತ್ತು. ಆಗಿನ ಯಂತ್ರಗಳು ನಿಧಾನ, ಡಿಸ್ಕ್ ಚಿಕ್ಕದು. ಬೇಡದ ಡ್ರೈವರ್ ಬಿಟ್ಟರೆ ಹೊತ್ತೂ ಉಳಿಯುತ್ತಿತ್ತು, ಜಾಗವೂ ಉಳಿಯುತ್ತಿತ್ತು.

ಪರದೆಯ ಮೇಲೆ ಚಿತ್ರ ಮೂಡಿಸಲು ಡ್ರೈವರಿನ ಎರಡು ಭಾಗ ಬೇಕು. ಒಂದು ಕರ್ನಲ್‌ನಲ್ಲಿದ್ದು ಚಿಪ್ಪನ್ನು ನಡೆಸುತ್ತದೆ. ಇನ್ನೊಂದು, ಅಪ್ಲಿಕೇಶನ್‌ಗಳ ಆಜ್ಞೆಯನ್ನು ಆ ಚಿಪ್ಪಿಗೆ ತಿಳಿಯುವಂತೆ ಮಾರ್ಪಡಿಸುತ್ತದೆ. ಮುಕ್ತ ಡ್ರೈವರ್‌ಗಳಲ್ಲಿ ಈ ಎರಡನೆಯದು ಮೆಸಾ ಎಂಬ ತಂತ್ರಾಂಶದಲ್ಲಿದೆ. ಬ್ರಯಾನ್ ಪಾಲ್ 1993ರಲ್ಲಿ ಅದನ್ನು ಆರಂಭಿಸಿದರು. ಎರಡು ಭಾಗಕ್ಕೂ ಬೇರೆ ಬೇರೆ ಹೆಸರಿರುವುದರಿಂದಲೇ ಈಚಿನ ಎಎಂಡಿ ಕಾರ್ಡಿಗೆ ಎಎಂಡಿಜಿಪಿಯು, ರೇಡಿಯಾನ್‌ಎಸ್‌ಐ ಎಂದು ಎರಡೆರಡು ಪದ ಬರೆಯಬೇಕಾಗುತ್ತದೆ. ಎಎಂಡಿಯ ಹಳೆಯ ಎಚ್‌ಡಿ 2000ದಿಂದ 6000 ಸರಣಿಯವರೆಗಿನ ಬಹುತೇಕ ಕಾರ್ಡಿಗೆ ಆರ್600 ಬೇಕು. ಎಚ್‌ಡಿ 7000 ಸರಣಿಯಲ್ಲಿ ಕೆಲವಕ್ಕೆ ಹೊಸ ಚಿಪ್ಪು, ಕೆಲವಕ್ಕೆ ಹಳೆಯದೇ. ಪೆಟ್ಟಿಗೆ ಮೇಲಿನ ಹೆಸರನ್ನೇ ನಂಬಿದವರು ಇಲ್ಲಿ ಎಡವುತ್ತಾರೆ.

ತಪ್ಪು ಹೆಸರು ಬರೆದರೆ ಅನೇಕ ಸಲ ದೋಷದ ಸಂದೇಶವೂ ಬರುವುದಿಲ್ಲ. ಎಲ್‌ಎಲ್‌ವಿಎಂಪೈಪ್ ಎಂಬ ಬದಲಿ ವ್ಯವಸ್ಥೆ ಇದ್ದರೆ, ಚಿತ್ರ ಬಿಡಿಸುವ ಕೆಲಸವನ್ನು ಪ್ರೊಸೆಸರ್ ಮೇಲೆಯೇ ಹೇರುತ್ತದೆ. ವಿಡಿಯೊ ತಡವರಿಸುತ್ತದೆ, ಫ್ಯಾನ್ ನಿಲ್ಲದೆ ತಿರುಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಹಳೆಯ ಲ್ಯಾಪ್‌ಟಾಪಿಗೆ ಇದು ಸಣ್ಣ ಹೊರೆಯಲ್ಲ. ದೋಷ ಆಯ್ಕೆಯಲ್ಲಿದ್ದರೂ ಬೈಗುಳ ಯಂತ್ರಕ್ಕೆ.

ಹಾಗಾದರೆ ಕಂಪ್ಯೂಟರೇ ಕಾರ್ಡನ್ನು ಗುರುತಿಸಬಾರದೇ? ಗುರುತಿಸಬಲ್ಲದು. ಪ್ರತಿ ಕಾರ್ಡಿನಲ್ಲೂ ತಯಾರಕರ ಸಂಖ್ಯೆ ಇರುತ್ತದೆ: ಇಂಟೆಲ್‌ಗೆ 8086, ಎಎಂಡಿಗೆ 1002, ಎನ್‌ವಿಡಿಯಾಗೆ 10ಡಿಇ. ಆದರೆ ಕಾಲೇಜಿನ ಲ್ಯಾಬ್‌ನಲ್ಲಿ ಒಂದು ಶಕ್ತಿಶಾಲಿ ಯಂತ್ರದಲ್ಲಿ ಕಂಪೈಲ್ ಮಾಡಿ, ಬಗೆಬಗೆಯ ಕಾರ್ಡುಗಳಿರುವ ಉಳಿದ ಯಂತ್ರಗಳಿಗೆ ಹಂಚುವುದೂ ಉಂಟು. ಆಗ ಕಂಪೈಲ್ ಮಾಡಿದ ಯಂತ್ರವನ್ನಷ್ಟೇ ನೋಡಿ ನಿರ್ಧರಿಸಿದರೆ ಉಳಿದವು ಸೊರಗುತ್ತವೆ. ಆದ್ದರಿಂದ ಸ್ವಯಂ ಪತ್ತೆಯೊಂದೇ ಸಾಲದು.

ಮೇಲಾದ ದಾರಿಯೆಂದರೆ, ಮುಕ್ತ ಡ್ರೈವರ್‌ಗಳೆಲ್ಲವೂ ಮೊದಲಿನಿಂದಲೇ ಸೇರಿರಲಿ, ಬೇಡವೆಂದವರು ತೆಗೆಯಲಿ. ಯಾವುದನ್ನು ಬಳಸಬೇಕೆಂಬುದನ್ನು ಮೆಸಾ ಚಾಲನೆಯ ಹೊತ್ತಿನಲ್ಲಿ ತಾನೇ ನಿರ್ಧರಿಸುತ್ತದೆ. ಇಂದಿನ ಯಂತ್ರಗಳಲ್ಲಿ ಒಂದೆರಡು ಡ್ರೈವರ್ ಹೆಚ್ಚಾದರೆ ಕಂಪೈಲ್ ಹೊತ್ತು ಬಹಳವೇನೂ ಏರದು. ನಿಜವಾಗಿ ಹೊತ್ತು ತಿನ್ನುವುದು ಎಲ್‌ಎಲ್‌ವಿಎಂ ಎಂಬ ಕಂಪೈಲರ್ ತಂತ್ರಾಂಶದಂಥ ದೊಡ್ಡ ಅವಲಂಬನೆಗಳು. ಅದಕ್ಕೂ ಈಗ ಪರಿಹಾರವಿದೆ: 2023ರ ಡಿಸೆಂಬರ್‌ನಿಂದ ಜೆಂಟೂ ಹಲವು ಸಿದ್ಧ ಪ್ಯಾಕೇಜ್‌ಗಳನ್ನೂ ಕೊಡುತ್ತಿದೆ. ಆದರೆ ನಮ್ಮ ಆಯ್ಕೆ ಅವುಗಳೊಂದಿಗೆ ಹೊಂದದಿದ್ದರೆ ಮತ್ತೆ ಕಂಪೈಲೇ ಗತಿ.

ಸರಳಗೊಳಿಸಲು ಮಾದರಿಯೂ ಕಣ್ಣೆದುರೇ ಇದೆ. 2022ರಲ್ಲಿ ಬಂದ ಮೆಸಾ 22.0 ತೀರಾ ಹಳೆಯ ಡ್ರೈವರ್‌ಗಳನ್ನು ಕೈಬಿಟ್ಟು ಆಂಬರ್ ಎಂಬ ಪ್ರತ್ಯೇಕ ಶಾಖೆಗೆ ಸರಿಸಿತು. ಇಂಟೆಲ್‌ಗೆ ಮೆಸಾದ ಒಳಗೆ ಐ915, ಕ್ರೋಕಸ್, ಐರಿಸ್ ಎಂಬ ಡ್ರೈವರ್‌ಗಳಿದ್ದರೂ ಜೆಂಟೂ ಬಳಕೆದಾರರು ‘ಇಂಟೆಲ್’ ಎಂದು ಬರೆದರೆ ಸಾಕು. ಎಎಂಡಿಗೂ ಇಂಥದೇ ಒಂದು ಹೆಸರು ಬರಬೇಕು. ಎನ್‌ವಿಡಿಯಾ ಮಾತ್ರ ಬೇರೆ: ನೂವೋ ಎಂಬ ಮುಕ್ತ ಡ್ರೈವರ್ ಬೇಕೋ, ಕಂಪನಿಯದೇ ಬೇಕೋ ಎಂಬುದು ನಿಜವಾದ ಆಯ್ಕೆ. ಅದನ್ನು ಬಳಕೆದಾರರನ್ನೇ ಕೇಳುವುದು ಸರಿ.

ಅಲ್ಲಿಯವರೆಗೆ ಜೆಂಟೂ ಹಾಕುವವರಿಗೆ ಒಂದು ಮಾತು: ಸ್ಟಿಕ್ಕರ್ ನೋಡಿ ಊಹಿಸಬೇಡಿ. ಎಲ್‌ಎಸ್‌ಪಿಸಿಐ ಆಜ್ಞೆ ಕೊಟ್ಟು ಒಳಗಿನ ಚಿಪ್ಪಿನ ಹೆಸರು ನೋಡಿ, ಆಮೇಲೆ ಬರೆಯಿರಿ. ಅನುಮಾನವಿದ್ದರೆ ಒಂದು ಹೆಸರು ಹೆಚ್ಚೇ ಇರಲಿ. ಬಿಟ್ಟುಹೋದ ಡ್ರೈವರಿಗಿಂತ ಹೆಚ್ಚಾದ ಡ್ರೈವರ್ ಅಗ್ಗ.