ಸಂತರು ನಮ್ಮವರು, ಅವರ ಮನೆಯವರು?

ಪ್ರತಿ ವರ್ಷ ಆಗಸ್ಟ್ 9ರಂದು ಧರ್ಮಸಭೆಯು ಶಿಲುಬೆಯ ಸಂತ ತೆರೇಸಾ ಬೆನೆಡಿಕ್ಟರನ್ನು ಸ್ಮರಿಸುತ್ತದೆ. ಎಡಿತ್ ಸ್ಟೈನ್ ಎಂಬ ಅವರ ಮೊದಲ ಹೆಸರನ್ನು ನೀವು ಕೇಳಿರಬಹುದು. ಯೆಹೂದ್ಯ ಮನೆತನದಲ್ಲಿ ಹುಟ್ಟಿ, ತತ್ವಶಾಸ್ತ್ರವನ್ನು ಅಭ್ಯಸಿಸಿ, ಕ್ರಿಸ್ತರನ್ನು ಅರಸಿ ಬಂದು, ಕಾರ್ಮೆಲ್ ಮಠ ಸೇರಿ, ಔಶ್‌ವಿಟ್ಜ್‌ನಲ್ಲಿ ಪ್ರಾಣತೆತ್ತವರು ಎಂದು ಪ್ರಬೋಧನೆಯಲ್ಲಿ ನಾಲ್ಕು ಮಾತು ಬರುತ್ತದೆ. ಅಲ್ಲಿಗೆ ಮುಗಿಯಿತು. ಆದರೆ ಪ್ರಿಯ ಓದುಗರೇ, ಆ ಸಂತರ ತಾಯಿಯ ಹೆಸರೇನು? ಒಡಹುಟ್ಟಿದವರು ಎಷ್ಟು ಮಂದಿ? ಅವರೆಲ್ಲ ಏನಾದರು? ಚಿಕ್ಕ ತೆರೇಸಾರ ತಂದೆತಾಯಿಯರ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ಸಂತ ಅಗಸ್ಟೀನರ ತಾಯಿ ಮೋನಿಕಾ ನಮ್ಮ ಮನೆಮಾತು. ಸ್ಟೈನ್ ಕುಟುಂಬದ ಕುರಿತು ಮಾತ್ರ ನಾವು ಏನನ್ನೂ ಕೇಳಿಲ್ಲ, ಕೇಳಬೇಕೆಂದು ನಮಗೆ ಅನಿಸಿಯೂ ಇಲ್ಲ. ಇದು ಕೇವಲ ಮರೆವೆಂದು ನಾನು ಒಪ್ಪಲಾರೆ. ಸಂತರನ್ನು ನಾವು ಇಟ್ಟುಕೊಂಡೆವು, ಅವರ ಮನೆಯವರನ್ನು ಹೊರಗೆ ನಿಲ್ಲಿಸಿದೆವು. ಹೀಗೆ ಹೊರಗೆ ನಿಲ್ಲಿಸುವ ಅಭ್ಯಾಸಕ್ಕೆ ಒಂದು ಚರಿತ್ರೆಯಿದೆ, ಮತ್ತು ಆ ಚರಿತ್ರೆಯಲ್ಲಿ ನಮ್ಮಂಥ ಧರ್ಮಕೇಂದ್ರದ ಕುಟುಂಬಗಳೇ ತುಂಬಿಕೊಂಡಿವೆ.

ತಾಯಿಯ ಹೆಸರು ಔಗುಸ್ಟೆ. ಊರು ಬ್ರೆಸ್ಲೌ, ಆಗ ಜರ್ಮನಿಯ ನಗರ, ಇಂದು ಪೋಲೆಂಡಿಗೆ ಸೇರಿದ ವ್ರೊತ್ಸ್ವಾಫ್. ಹನ್ನೊಂದು ಮಕ್ಕಳನ್ನು ಹೆತ್ತರು, ಉಳಿದವರು ಏಳು ಮಂದಿ. ಕೊನೆಯವರೇ ಎಡಿತ್, ಹುಟ್ಟಿದ್ದು 1891ರ ಅಕ್ಟೋಬರ್ 12ರಂದು. ಆ ವರ್ಷ ಅದು ಯೆಹೂದ್ಯರ ಮಹಾ ಪ್ರಾಯಶ್ಚಿತ್ತ ದಿನವಾಗಿತ್ತು. ಆದಕಾರಣವೇ ತಾಯಿಗೆ ಈ ಮಗಳ ಮೇಲೆ ವಿಶೇಷ ಮಮತೆ. 1893ರಲ್ಲಿ ಪತಿ ಹಠಾತ್ತನೆ ತೀರಿಕೊಂಡಾಗ ಉಳಿದದ್ದು ಸಾಲದಲ್ಲಿದ್ದ ಮರದ ವ್ಯಾಪಾರ. ಬಂಧುಗಳ ಹಂಗಿಗೆ ಬೀಳದೆ ಆ ತಾಯಿ ತಾವೇ ಮರದ ಅಂಗಡಿಯನ್ನು ನಡೆಸಿ, ಸಾಲ ತೀರಿಸಿ, ಮಕ್ಕಳನ್ನು ಬೆಳೆಸಿದರು. ಪ್ರಾಯಶ್ಚಿತ್ತ ದಿನದ ಉಪವಾಸ, ಪ್ರಾರ್ಥನಾಮಂದಿರ, ಪಾಸ್ಖ ಹಬ್ಬದ ಭೋಜನ ಯಾವುದನ್ನೂ ಅವರು ಬಿಟ್ಟವರಲ್ಲ. ತಂದೆಯ ಸ್ಥಾನದಲ್ಲಿ ಕುಳಿತು ಹಬ್ಬದ ಪ್ರಾರ್ಥನೆ ಓದುತ್ತಿದ್ದ ಅಣ್ಣಂದಿರಿಗೆ ತಾಯಿಗಿದ್ದ ಶ್ರದ್ಧೆ ಇರಲಿಲ್ಲವೆಂದು ಎಡಿತ್ ನೆನಪಿಸಿಕೊಂಡಿದ್ದಾರೆ. ಸಂಜೆಯ ಜಪಸರಕ್ಕೆ ಮಂಡಿಯೂರಿದ ಹುಡುಗರು ಗೋಡೆ ಗಡಿಯಾರದತ್ತ ನೋಡುವ ನಮ್ಮ ಮನೆಗಳಿಗೂ ಆ ಮನೆಗೂ ಎಷ್ಟು ದೂರ, ಹೇಳಿರಿ.

ಈ ವಿವರಗಳೆಲ್ಲ ಎಡಿತ್ ಅವರೇ ಬರೆದ 'ಒಂದು ಯೆಹೂದ್ಯ ಕುಟುಂಬದ ಬದುಕು' ಎಂಬ ಗ್ರಂಥದಲ್ಲಿವೆ. ಅದನ್ನು ಅವರು ಆರಂಭಿಸಿದ್ದು 1933ರಲ್ಲಿ, ಹಿಟ್ಲರನು ಅಧಿಕಾರಕ್ಕೆ ಬಂದ ವರ್ಷ, ತಾಯಿಯ ಮನೆಯಲ್ಲೇ ಕುಳಿತು. ತಾವು ಮಠ ಸೇರಲಿರುವ ಹೊತ್ತಿನಲ್ಲಿ ಇದನ್ನೇಕೆ ಬರೆದರು? ಯೆಹೂದ್ಯರೆಂದರೆ ರಾಕ್ಷಸರೆಂದು ಚಿತ್ರಿಸಿ ಎಳೆಯ ಪೀಳಿಗೆಯನ್ನು ದ್ವೇಷದಲ್ಲಿ ಸಾಕಲಾಗುತ್ತಿತ್ತು. ಅದಕ್ಕೆ ಅವರ ಉತ್ತರ ವಾದವಲ್ಲ, ತರ್ಕವಲ್ಲ; ಒಂದು ಮನೆ. ಅಂಗಡಿ ನಡೆಸುವ ತಾಯಿ, ಪರೀಕ್ಷೆಗೆ ಓದುವ ಅಕ್ಕ, ಮದುವೆ, ಮುನಿಸು, ಅಜ್ಜನ ಊರಿನ ರಜೆ. ನಾವು ಮನುಷ್ಯರು ಎಂದು ಸಾಬೀತುಪಡಿಸಬೇಕಾದ ದುರ್ಗತಿ ಒಂದು ಜನಾಂಗಕ್ಕೆ ಬಂದಾಗ ಅದರ ಮಗಳೊಬ್ಬಳು ಮನೆಯ ಬಾಗಿಲು ತೆರೆದು ಒಳಗೆ ಕರೆದಳು. ಕ್ರೈಸ್ತರಾದ ನಾವು ಆ ಬಾಗಿಲಿನಿಂದ ಒಬ್ಬಳನ್ನು ಮಾತ್ರ ಹೊರಗೆ ಕರೆದುಕೊಂಡು ಬಂದೆವು.

ಅವರ ಮನಪರಿವರ್ತನೆಯನ್ನು ನಾವು ಹೇಳುವ ರೀತಿಯನ್ನೇ ಗಮನಿಸಿರಿ. 1922ರ ಜನವರಿ 1ರಂದು ದೀಕ್ಷಾಸ್ನಾನ, 1933ರ ಅಕ್ಟೋಬರ್ 14ರಂದು ಕೊಲೋನ್ ನಗರದ ಕಾರ್ಮೆಲ್ ಪ್ರವೇಶ. ಎಲ್ಲವೂ ಸಂತೋಷದ ಸುದ್ದಿ. ತಾಯಿಯ ಕುರ್ಚಿಯಲ್ಲಿ ಕುಳಿತು ಇದನ್ನು ನೋಡಿದ್ದೇವೆಯೇ? ಆ ಅಕ್ಟೋಬರ್ 12, ಎಡಿತ್‌ರ ಹುಟ್ಟುಹಬ್ಬ, ಪರ್ಣಶಾಲೆಗಳ ಹಬ್ಬದ ಮುಕ್ತಾಯದ ದಿನ. ಎಂಬತ್ತಮೂರು ದಾಟಿದ ತಾಯಿಯೊಡನೆ ಮಗಳು ಕೊನೆಯ ಬಾರಿ ಪ್ರಾರ್ಥನಾಮಂದಿರಕ್ಕೆ ಹೋಗಿ, ನಡೆದುಕೊಂಡೇ ಹಿಂತಿರುಗಿದರು. ಬೀದಿಯಲ್ಲಿ ಯೆಹೂದ್ಯರ ವಿರುದ್ಧ ಘೋಷಣೆ ಕೇಳುತ್ತಿದ್ದ ವರ್ಷದಲ್ಲೇ ಮಗಳು ಆ ಬೀದಿಯವರ ಧರ್ಮವನ್ನು ಸೇರಿ ಬಾಗಿಲು ಮುಚ್ಚಿಕೊಳ್ಳುತ್ತಾಳೆ. ಆ ತಾಯಿಗೆ ಕಂಡದ್ದು ಇಷ್ಟೇ. ನಮ್ಮ ಹರ್ಷಕ್ಕೆ ಆಕೆ ತೆತ್ತ ಕಣ್ಣೀರನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ. ಮಠದಿಂದ ವಾರವಾರ ಪತ್ರ ಬರೆದ ಮಗಳಿಗೆ ತಾಯಿ ಬಹುಕಾಲ ಉತ್ತರಿಸಲಿಲ್ಲ. 1936ರ ಸೆಪ್ಟೆಂಬರ್ 14ರಂದು, ಪವಿತ್ರ ಶಿಲುಬೆಯ ಹಬ್ಬದ ದಿನವೇ, ಅವರು ತೀರಿಕೊಂಡರು. ಮುಂದೆ ಬಂದುದನ್ನು ಕಾಣದೆ ಹೋದರು.

ಬ್ರೆಸ್ಲೌ ನಗರಕ್ಕೇ ಮಹಾಧರ್ಮಾಧ್ಯಕ್ಷರೊಬ್ಬರಿದ್ದರು, ಕಾರ್ಡಿನಲ್ ಬರ್ಟ್ರಾಂ; ಜರ್ಮನ್ ಧರ್ಮಾಧ್ಯಕ್ಷರ ಮಂಡಳಿಯ ಮುಖ್ಯಸ್ಥರೂ ಅವರೇ. 1933ರ ಏಪ್ರಿಲ್ 1ರಂದು ದೇಶದಾದ್ಯಂತ ಯೆಹೂದ್ಯರ ಅಂಗಡಿಗಳಿಗೆ ಬಹಿಷ್ಕಾರ ಹಾಕಲು ಸರ್ಕಾರಿ ಪಕ್ಷವು ಕರೆಯಿತ್ತಾಗ, ಅದರ ವಿರುದ್ಧ ಧರ್ಮಸಭೆ ಮಾತನಾಡಬೇಕೆಂಬ ಬಿನ್ನಹ ಅವರ ಬಳಿಗೆ ಬಂತು. ಇದು ಆರ್ಥಿಕ ಹೋರಾಟ, ಧರ್ಮಸಭೆಗೆ ಹತ್ತಿರವಲ್ಲದ ಒಂದು ವರ್ಗಕ್ಕೆ ಸಂಬಂಧಿಸಿದ್ದು ಎಂಬ ಧಾಟಿಯಲ್ಲಿ ಅವರು ಸಹ ಧರ್ಮಾಧ್ಯಕ್ಷರಿಗೆ ಬರೆದರು. ಬಹಿಷ್ಕಾರಕ್ಕೊಳಗಾದ ವ್ಯಾಪಾರಿಗಳಲ್ಲಿ ಅದೇ ಊರಿನ ಮುದಿ ವಿಧವೆಯರೂ ಇದ್ದರೆಂಬುದು ಆ ಪತ್ರದ ಲೆಕ್ಕಕ್ಕೆ ಬರಲಿಲ್ಲ. ಅದೇ ತಿಂಗಳು ಎಡಿತ್ ಜಗದ್ಗುರು ಹನ್ನೊಂದನೆಯ ಪಯಸ್ ಅವರಿಗೆ ಪತ್ರ ಬರೆದು, ಕ್ರಿಸ್ತರ ಹೆಸರು ಹೊತ್ತವರು ಈ ದ್ವೇಷದ ಎದುರು ಮೌನವಾಗಿರಬಾರದೆಂದು ಬೇಡಿಕೊಂಡರು. ಆ ಪತ್ರ ಲೋಕದ ಕಣ್ಣಿಗೆ ಬಿದ್ದದ್ದು 2003ರಲ್ಲಿ, ವ್ಯಾಟಿಕನ್ ದಾಖಲೆಗಳು ತೆರೆದಾಗ. 1937ರಲ್ಲಿ ಜಗದ್ಗುರುಗಳು ಜನಾಂಗದ ಆರಾಧನೆಯನ್ನು ಖಂಡಿಸಿ ಜರ್ಮನ್ ಭಾಷೆಯಲ್ಲೇ ಸುತ್ತೋಲೆ ಹೊರಡಿಸಿದರು. ಅದು ದಿಟ್ಟ ಹೆಜ್ಜೆ, ಅಲ್ಲಗಳೆಯಲಾಗದು. ಆದರೆ ಅದರಲ್ಲೂ ಹಿಂಸೆಗೊಳಗಾಗುತ್ತಿದ್ದ ಯೆಹೂದ್ಯರ ಹೆಸರು ಹೇಳಲಿಲ್ಲ.

ದೊಡ್ಡವರ ಮಾತು ಬಿಡಿ, ಸಾಮಾನ್ಯ ಕುಟುಂಬಗಳು ಏನು ಮಾಡಬಲ್ಲವಾಗಿದ್ದವು ಎಂದು ನೀವು ಕೇಳುವಿರಿ. ಧರ್ಮಕೇಂದ್ರದ ದೀಕ್ಷಾಸ್ನಾನದ ದಾಖಲೆ ಪುಸ್ತಕವನ್ನು ನೆನೆಯಿರಿ. 1933ರ ಏಪ್ರಿಲ್ 7ರ ಕಾಯಿದೆ ಯೆಹೂದ್ಯರನ್ನು ಸರ್ಕಾರಿ ನೌಕರಿಯಿಂದ ಹೊರದಬ್ಬಿತು. ನೌಕರಿ ಉಳಿಸಿಕೊಳ್ಳಲು ತನ್ನ ಅಜ್ಜ ಅಜ್ಜಿಯರು ಯೆಹೂದ್ಯರಲ್ಲವೆಂದು ಸಾಬೀತುಪಡಿಸಬೇಕು. ಅದಕ್ಕೆ ಬೇಕಾದ ಪತ್ರ ಸಿಗುತ್ತಿದ್ದುದು ಕಥೋಲಿಕ ಮತ್ತು ಪ್ರೊಟೆಸ್ಟೆಂಟ್ ದೇವಾಲಯಗಳ ಕಚೇರಿಗಳಲ್ಲಿ. ಲಕ್ಷಾಂತರ ಜನ ಆ ಪುಸ್ತಕಗಳ ಮುಂದೆ ಸಾಲುಗಟ್ಟಿದರು, ಗುರುಗಳೂ ಗುಮಾಸ್ತರೂ ಪುಟ ತಿರುವಿ ಮುದ್ರೆಯೊತ್ತಿ ಕೊಟ್ಟರು. ದೇವರ ಮಕ್ಕಳಾದುದರ ಸಾಕ್ಷ್ಯವಾಗಿದ್ದ ಪುಸ್ತಕ ರಕ್ತ ಪರೀಕ್ಷೆಯ ಪುಸ್ತಕವಾಯಿತು. ಯಾರೂ ಯಾರನ್ನೂ ಹೊಡೆಯಲಿಲ್ಲ. ಎಲ್ಲವೂ ಕ್ರಮಬದ್ಧವಾಗಿ, ಶುಲ್ಕ ಪಾವತಿಸಿ, ಸಭ್ಯತೆಯಿಂದ ನಡೆಯಿತು.

ಆಮೇಲೆ ಕಾಯಿದೆಗಳು ಯೆಹೂದ್ಯರ ಮನೆಯೊಳಕ್ಕೇ ನುಗ್ಗಿದವು. 1935ರ ನ್ಯೂರೆಂಬರ್ಗ್ ಕಾಯಿದೆ ಯಾರು ಯಾರನ್ನು ಮದುವೆಯಾಗಬಹುದು, ಮನೆಗೆಲಸಕ್ಕೆ ಯಾವ ವಯಸ್ಸಿನ ಹೆಂಗಸನ್ನು ಇಟ್ಟುಕೊಳ್ಳಬಹುದು ಎಂದು ಗೊತ್ತುಪಡಿಸಿತು. 1938ರ ನವೆಂಬರ್ 9ರ ರಾತ್ರಿ ಪ್ರಾರ್ಥನಾಮಂದಿರಗಳು ಉರಿದವು, ಅದೇ ವಾರದಲ್ಲಿ ಯೆಹೂದ್ಯ ಮಕ್ಕಳನ್ನು ಶಾಲೆಗಳಿಂದ ಹೊರಹಾಕಲಾಯಿತು. 1939ರ ಆರಂಭದಿಂದ ಗಂಡಸರು ಇಸ್ರೇಲ್ ಎಂದೂ ಹೆಂಗಸರು ಸಾರಾ ಎಂದೂ ಹೆಸರಿಗೆ ಸೇರಿಸಿಕೊಳ್ಳಬೇಕಾಯಿತು. ಆದಿತಂದೆಯ ಹೆಸರೂ ಆದಿತಾಯಿಯ ಹೆಸರೂ ಅಪಮಾನದ ಮುದ್ರೆಗಳಾದವು, ಅದೂ ಭಾನುವಾರ ಭಾನುವಾರ ಬೈಬಲ್ ಓದುವ ನಾಡಿನಲ್ಲಿ! ಯುದ್ಧ ಬಂದ ಮೇಲೆ ರೇಡಿಯೋ ಹೋಯಿತು, ಟೆಲಿಫೋನ್ ಹೋಯಿತು, 1941ರ ಸೆಪ್ಟೆಂಬರಿನಲ್ಲಿ ಎದೆಯ ಮೇಲೆ ಹಳದಿ ನಕ್ಷತ್ರ ಬಂತು, 1942ರಲ್ಲಿ ಮಕ್ಕಳು ಸಾಕಿದ ನಾಯಿ ಬೆಕ್ಕುಗಳನ್ನೂ ಒಪ್ಪಿಸಬೇಕಾಯಿತು. ಈ ಒಂದೊಂದಕ್ಕೂ ನೆರೆಮನೆಯವರಿದ್ದರು. ಆ ನೆರೆಮನೆಯವರಲ್ಲಿ ಬಹುಪಾಲು ದೀಕ್ಷಾಸ್ನಾನ ಪಡೆದವರೇ.

ಬರ್ಲಿನಿನ ಸಂತ ಹೆಡ್ವಿಗ್ ಪ್ರಧಾನಾಲಯದಲ್ಲಿ ಧರ್ಮಗುರು ಬೆರ್ನ್‌ಹಾರ್ಡ್ ಲಿಖ್ಟೆನ್‌ಬೆರ್ಗ್ ಯೆಹೂದ್ಯರಿಗಾಗಿ ಬಹಿರಂಗವಾಗಿ ಪ್ರಾರ್ಥಿಸಿದರು. 1941ರಲ್ಲಿ ಬಂಧಿತರಾಗಿ, 1943ರಲ್ಲಿ ಡಾಖಾವ್ ಶಿಬಿರಕ್ಕೆ ಒಯ್ಯುವ ದಾರಿಯಲ್ಲಿ ಮಡಿದರು. ಅಂಥವರು ಇದ್ದರು. ಅವರನ್ನು ತೋರಿಸಿ ಉಳಿದವರು ಬಚಾವಾಗುವುದು ನ್ಯಾಯವಲ್ಲ.

ಸ್ಟೈನ್ ಕುಟುಂಬ ಚದುರಿತು. ಎರ್ನಾ ಮತ್ತು ಆರ್ನೋ ಅಮೆರಿಕಕ್ಕೆ, ಎಲ್ಸೆ ಕೊಲಂಬಿಯಾಕ್ಕೆ ಪಾರಾದರು. ಪಾಲ್ ಮತ್ತು ಆತನ ಪತ್ನಿ, ಅಕ್ಕ ಫ್ರೀಡಾ ಟೆರೇಸಿಯನ್‌ಸ್ಟಾಟ್ ಶಿಬಿರದಲ್ಲಿ ಸತ್ತರು. ತಾಯಿಯ ಮನಸ್ಸು ನೋಯಬಾರದೆಂದು ಆಕೆ ಬದುಕಿರುವವರೆಗೂ ಕಾದು, 1936ರ ಕ್ರಿಸ್ಮಸ್ ಮುನ್ನಾದಿನ ದೀಕ್ಷಾಸ್ನಾನ ಪಡೆದ ಅಕ್ಕ ರೋಸಾ, ಹಾಲೆಂಡಿನ ಎಖ್ಟ್ ಊರಿನ ಕಾರ್ಮೆಲ್‌ನಲ್ಲಿದ್ದ ಎಡಿತ್ ಬಳಿಗೆ ಬಂದರು. 1940ರ ಮೇ ತಿಂಗಳಲ್ಲಿ ಯುದ್ಧ ಅಲ್ಲಿಗೂ ಬಂತು. ಸ್ವಿಟ್ಜರ್ಲೆಂಡಿಗೆ ಹೋಗಲು ಅಕ್ಕತಂಗಿಯರು ಮಾಡಿದ ಪ್ರಯತ್ನಕ್ಕೆ ಅನುಮತಿ ಸಕಾಲಕ್ಕೆ ದೊರೆಯಲಿಲ್ಲ.

ಈಗ ನಮ್ಮಲ್ಲಿ ಹಲವರು ಉತ್ಸಾಹದಿಂದ ಮುಂದಿಡುವ ವಾದಕ್ಕೆ ಬರೋಣ. 1942ರ ಜುಲೈ 26ರಂದು ಹಾಲೆಂಡಿನ ಕಥೋಲಿಕ ದೇವಾಲಯಗಳಲ್ಲಿ ಧರ್ಮಾಧ್ಯಕ್ಷರ ಪತ್ರವನ್ನು ಓದಿ ಯೆಹೂದ್ಯರ ಗಡೀಪಾರನ್ನು ಖಂಡಿಸಲಾಯಿತು. ಸೇಡಿನಿಂದ ಆಗಸ್ಟ್ 2ರಂದು ಯೆಹೂದ್ಯ ಮೂಲದ ಕಥೋಲಿಕರನ್ನು ಬಂಧಿಸಲಾಯಿತು. ಎಡಿತ್ ಮತ್ತು ರೋಸಾ ಆಗಸ್ಟ್ 9ರಂದು ಔಶ್‌ವಿಟ್ಜ್‌ನಲ್ಲಿ ಸತ್ತರು. ನೋಡಿರಿ, ಮಾತನಾಡಿದ್ದರಿಂದ ಏನಾಯಿತು, ಮೌನವೇ ವಿವೇಕವಾಗಿತ್ತು! ಈ ವಾದವನ್ನು ಜಾಗ್ರತೆಯಿಂದ ತೂಗಿರಿ. ಹಾಲೆಂಡಿನಿಂದ ರೈಲುಗಳು ಹೊರಟದ್ದು ಜುಲೈ 15ರಂದೇ, ಪತ್ರ ಓದುವುದಕ್ಕೆ ಮೊದಲೇ. ಆ ದೇಶದ ಸುಮಾರು 1,40,000 ಯೆಹೂದ್ಯರಲ್ಲಿ 1,00,000ಕ್ಕೂ ಹೆಚ್ಚು ಮಂದಿ ಕೊಲೆಯಾದರು. ಅವರಿಗೆ ಮರಣ ಬಂದದ್ದು ಧರ್ಮಾಧ್ಯಕ್ಷರ ಪತ್ರದಿಂದಲ್ಲ. ಅಧಿಕಾರಿಗಳು ಮುಂದಿಟ್ಟ ಷರತ್ತು ಏನೆಂದರೆ, ನೀವು ಬಹಿರಂಗವಾಗಿ ಬಾಯಿಬಿಡದಿದ್ದರೆ ನಿಮ್ಮ ದೀಕ್ಷಾಸ್ನಾನವಾದವರನ್ನು ಬಿಟ್ಟುಬಿಡುತ್ತೇವೆ. ನಿಮ್ಮವರು ನಿಮಗೆ, ಉಳಿದವರು ನಮಗೆ. ಉಟ್ರೆಖ್ಟಿನ ಮಹಾಧರ್ಮಾಧ್ಯಕ್ಷ ಡಿ ಯೋಂಗ್ ಆ ವ್ಯಾಪಾರಕ್ಕೆ ಒಪ್ಪಲಿಲ್ಲ. ಬೆಲೆ ಭಯಂಕರವಾಗಿತ್ತು. ಆದರೆ ಮೌನವನ್ನು ಹೊಗಳುವವರು ನಿಜವಾಗಿ ಹೊಗಳುತ್ತಿರುವುದು ವಿವೇಕವನ್ನಲ್ಲ, ಆ ವ್ಯಾಪಾರವನ್ನು. ಎಡಿತ್ ಉಳಿಯಬೇಕಿತ್ತು ಎನ್ನುವಾಗ ಅವರ ಬಾಯಲ್ಲಿ ಫ್ರೀಡಾ ಇಲ್ಲ.

ಇದೆಲ್ಲ ಯುರೋಪಿನ ಪಾಪ, ಭಾರತದಲ್ಲಿ ಯೆಹೂದ್ಯರಿಗೆ ಯಾರೂ ತೊಂದರೆ ಕೊಟ್ಟಿಲ್ಲ ಎನ್ನುವ ಸಮಾಧಾನವೂ ಉಂಟು. ನಮ್ಮ ಹಿಂದೂ ಅರಸರ ಮಟ್ಟಿಗೆ ಅದು ಸತ್ಯ. ಆದರೆ ಕರಾವಳಿಯ ಅನೇಕ ಕಥೋಲಿಕ ಮನೆತನಗಳು ಬಂದ ಆ ಗೋವೆಯಲ್ಲಿ 1560ರಲ್ಲಿ ಧರ್ಮವಿಚಾರಣಾ ನ್ಯಾಯಾಲಯ ಸ್ಥಾಪನೆಯಾಯಿತು. ಗಿಡಮೂಲಿಕೆಗಳ ಮಹಾಗ್ರಂಥ ಬರೆದ ವೈದ್ಯ ಗಾರ್ಸಿಯಾ ಡ ಓರ್ತಾರ ತಂಗಿ ಕ್ಯಾಟರಿನಾರನ್ನು, ಗುಟ್ಟಾಗಿ ಯೆಹೂದ್ಯ ಆಚಾರ ಪಾಲಿಸಿದ ಆರೋಪದ ಮೇಲೆ, 1569ರಲ್ಲಿ ಅಲ್ಲಿ ಸುಡಲಾಯಿತು. 1580ರಲ್ಲಿ ಸತ್ತ ವೈದ್ಯರ ಮೂಳೆಗಳನ್ನೂ ಅಗೆದು ಸುಟ್ಟರು. ಬೆಂಗಳೂರಿಗೂ ಒಂದು ಪುಟವಿದೆ. ಎಡಿತ್‌ರಂತೆ ಬ್ರೆಸ್ಲೌನಲ್ಲೇ ಹುಟ್ಟಿದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಹುದ್ದೆ ಕಳೆದುಕೊಂಡು, ಸಿ. ವಿ. ರಾಮನ್ನರ ಆಹ್ವಾನದಂತೆ 1935ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರಿಗೆ ಶಾಶ್ವತ ಹುದ್ದೆ ಕೊಡಿಸಲು ರಾಮನ್ ಯತ್ನಿಸಿದಾಗ, ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರು ಎದ್ದು, ಸ್ವದೇಶದಿಂದ ಓಡಿಸಲ್ಪಟ್ಟ ಎರಡನೆಯ ದರ್ಜೆಯವರು ನಮಗೆ ಬೇಡವೆಂಬ ಅರ್ಥದಲ್ಲಿ ಮಾತನಾಡಿದರು. ಬಾರ್ನ್ ಮನೆಗೆ ಹೋಗಿ ಅತ್ತರಂತೆ. 1954ರಲ್ಲಿ ಅವರಿಗೆ ನೊಬೆಲ್ ಬಂತು ಎಂಬುದು ಬೇರೆ ಮಾತು. ಬರದಿದ್ದರೂ ಆ ಮಾತು ಅಷ್ಟೇ ಹೀನ.

ಈಗ ನಮ್ಮ ಮನೆಗಳಿಗೆ ಬನ್ನಿರಿ. ಧರ್ಮೋಪದೇಶ ತರಗತಿಯ ಮಗುವನ್ನು ಯೇಸುವನ್ನು ಕೊಂದವರು ಯಾರೆಂದು ಕೇಳಿರಿ. 'ಯೆಹೂದ್ಯರು' ಎಂಬ ಉತ್ತರ ತಡೆಯಿಲ್ಲದೆ ಬಂದೀತು. ಮರಣದಂಡನೆ ವಿಧಿಸಿದವನು ರೋಮಿನ ಅಧಿಕಾರಿ ಪಿಲಾತ, ಮೊಳೆ ಹೊಡೆದವರು ರೋಮಿನ ಸೈನಿಕರು. ಕ್ರಿಸ್ತರ ಯಾತನೆಗೆ ನಮ್ಮ ಪಾಪಗಳೇ ಯೆಹೂದ್ಯರಿಗಿಂತ ಹೆಚ್ಚು ಹೊಣೆಯೆಂದು ಟ್ರೆಂಟ್ ಮಹಾಸಭೆಯ ಧರ್ಮೋಪದೇಶ ಗ್ರಂಥವೇ 1566ರಲ್ಲಿ ಕಲಿಸಿತ್ತು. 1959ರಲ್ಲಿ ಜಗದ್ಗುರು ಇಪ್ಪತ್ತಮೂರನೆಯ ಯೊವಾನ್ನರು ಶುಭ ಶುಕ್ರವಾರದ ಪ್ರಾರ್ಥನೆಯಿಂದ ಯೆಹೂದ್ಯರನ್ನು ಹಳಿಯುವ ಪದವನ್ನು ಕಿತ್ತುಹಾಕಿದರು. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಕ್ರಿಸ್ತರ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದೆಂದು ಸಾರಿತು. ಅರವತ್ತು ವರ್ಷ ಕಳೆದಿದೆ. ನಮ್ಮ ಶಿಲುಬೆ ಹಾದಿಯ ನಾಟಕಗಳಲ್ಲಿ ಮಾತ್ರ ಯೆಹೂದ್ಯನೆಂದರೆ ಇನ್ನೂ ಕೊಂಕು ಮೂಗಿನ, ಹಲ್ಲು ಕಿರಿಯುವ ವೇಷ; ವೇದಿಕೆಯ ಮೇಲಿನ ಯೇಸು, ಮರಿಯಮ್ಮ, ಯೊವಾನ್ನ ಯಾವ ಕುಲದವರೆಂದು ನೋಡುಗರಿಗೆ ಹೊಳೆಯುವುದೇ ಇಲ್ಲ. 'ಈ ದೇಶಕ್ಕೊಬ್ಬ ಹಿಟ್ಲರ್ ಬೇಕು' ಎಂಬ ಮಾತನ್ನು ಪೂಜೆ ಮುಗಿಸಿ ಅಂಗಳದಲ್ಲಿ ನಿಂತವರ ಬಾಯಿಂದಲೇ ನಾನು ಕೇಳಿದ್ದೇನೆ. ಅಲ್ಪಸಂಖ್ಯಾತರಾದ ನಮಗೆ ಆ ಮಾತು ತಮಾಷೆಯೆನಿಸುವುದು ಸೋಜಿಗ.

ಇಸ್ರೇಲ್ ಸರ್ಕಾರ ಗಾಜಾದಲ್ಲಿ ಮಾಡಿದ್ದನ್ನು ಕಂಡೂ ಇದನ್ನು ಹೇಳುವಿರಾ ಎಂದು ಕೇಳುವವರಿದ್ದಾರೆ. ಹೇಳುತ್ತೇನೆ. ಸರ್ಕಾರವೊಂದರ ಕೃತ್ಯವನ್ನು ಪ್ರಶ್ನಿಸುವ ಹಕ್ಕು ಎಲ್ಲರಿಗೂ ಇದೆ, ಸತ್ತ ಮಕ್ಕಳಿಗಾಗಿ ಅಳುವ ಕರ್ತವ್ಯವೂ ಇದೆ. ಅದರ ಸಾಲವನ್ನು ಬ್ರೆಸ್ಲೌನ ಮರದಂಗಡಿಯ ವಿಧವೆಯ ಲೆಕ್ಕಕ್ಕೆ ಬರೆಯುವ ಹಕ್ಕು ಯಾರಿಗೂ ಇಲ್ಲ.

ಬರುವ ಆಗಸ್ಟ್ 9ರಂದು ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಔಗುಸ್ಟೆ, ಪಾಲ್, ಫ್ರೀಡಾ, ರೋಸಾ ಎಂಬ ನಾಲ್ಕು ಹೆಸರುಗಳನ್ನು ಸೇರಿಸುವಂತೆ ನಿಮ್ಮ ಗುರುಗಳನ್ನು ಕೇಳಿರಿ. ಇವರಲ್ಲಿ ಮೂವರು ಕ್ರೈಸ್ತರೇ ಅಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ, 1942ರ ಜುಲೈಯಲ್ಲಿ ಡಿ ಯೋಂಗ್ ಅವರ ಮುಂದೆ ಬಂದ ಷರತ್ತೂ ಅದೇ ಆಗಿತ್ತೆಂದು ತಿಳಿಸಿರಿ.