ಗಿಡದ್ದೇ ಅಲ್ವಾ ಎನ್ನುವ ಮುನ್ನ

ಔಷಧಿ ಅಂಗಡಿಯಲ್ಲಿ ಕೂತು ವೈದ್ಯರ ಚೀಟಿ ಓದಲು ಶುರುಮಾಡಿ ಇಪ್ಪತ್ತೆರಡು ವರ್ಷವಾಯಿತು. ಕಳೆದ ವಾರ ಮಹಿಳೆಯೊಬ್ಬರು ತಂದೆಯ ಮರೆವಿನ ಕಾಯಿಲೆಗೆ ಡೊನೆಪೆಜಿಲ್ ಮಾತ್ರೆ ಕೊಂಡರು. ಹೊರಡುವಾಗ ಚೀಲದಿಂದ ಬಿಳಿ ಡಬ್ಬಿಯೊಂದನ್ನು ತೆಗೆದು, ‘ಅಣ್ಣಾ, ತಮ್ಮ ಅಮೆರಿಕದಿಂದ ಕಳಿಸಿದಾನೆ. ಇದನ್ನೂ ಜೊತೆಗೆ ಕೊಡಬಹುದಾ? ಗಿಡದ್ದೇ ಅಲ್ವಾ?’ ಎಂದರು. ಲೇಬಲ್ ಓದಿದೆ: ಹುಪರ್ಜಿನ್-ಎ, 200 ಮೈಕ್ರೋಗ್ರಾಂ.

ಹೌದು, ಗಿಡದ್ದೇ. ಹುಪರ್ಜಿಯಾ ಸೆರ್ರಾಟಾ ಎಂಬ ಕ್ಲಬ್‌ಮಾಸ್; ಹೂವಿಲ್ಲ, ಬೀಜವಿಲ್ಲ, ಗೇಣುದ್ದದ ಹಸಿರು ಕಡ್ಡಿ. 1980ರ ದಶಕದಲ್ಲಿ ಚೀನಾದ ವಿಜ್ಞಾನಿಗಳು ಅದರಿಂದ ಈ ರಾಸಾಯನಿಕವನ್ನು ಬೇರ್ಪಡಿಸಿದರು. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನು ಇದು ತಡೆಯುತ್ತದೆ. ಡೊನೆಪೆಜಿಲ್ ಮಾಡುವುದೂ ಅದೇ ಕೆಲಸ. ಎರಡೂ ಸೇರಿದರೆ ವಾಕರಿಕೆ, ಭೇದಿ ಹೆಚ್ಚಬಹುದು. ಎದೆಬಡಿತ ತೀರಾ ನಿಧಾನವಾಗಿ ವಯಸ್ಸಾದವರು ತಲೆಸುತ್ತಿ ಬೀಳಬಹುದು.

ಗುಣವಾದರೂ ಖಚಿತವೇ? ಅಮೆರಿಕದಲ್ಲಿ 210 ಅಲ್‌ಝೈಮರ್ ರೋಗಿಗಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ದಿನಕ್ಕೆರಡು ಬಾರಿ 200 ಮೈಕ್ರೋಗ್ರಾಂ ಕೊಟ್ಟರೂ 16 ವಾರಗಳಲ್ಲಿ ಪ್ರಯೋಜನ ಕಾಣಲಿಲ್ಲ. ಆದರೂ ಅಲ್ಲಿ ಅದು ಆಹಾರ ಪೂರಕವೆಂದು ಚೀಟಿಯಿಲ್ಲದೆ ಮಾರಾಟವಾಗುತ್ತದೆ.

ಇದು ನನಗೆ ಒಪ್ಪಿಗೆಯಿಲ್ಲ. ಮಿದುಳಿನ ಕಿಣ್ವವನ್ನೇ ಕಟ್ಟಿಹಾಕುವ ವಸ್ತು ಆಹಾರವಲ್ಲ, ಔಷಧಿ. ಡಬ್ಬಿಯ ಮೇಲೆ ‘ಮರೆವಿನ ಮಾತ್ರೆಯೊಂದಿಗೆ ಬೇಡ’ ಎಂದು ದಪ್ಪಕ್ಷರದಲ್ಲಿ ಬರೆಯುವುದು ಕಡ್ಡಾಯವಾಗಬೇಕು. ನಾವೂ ಅಷ್ಟೇ, ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿರುವ ಡಬ್ಬಿಗಳನ್ನೆಲ್ಲ ಒಯ್ಯಬೇಕು.

ಆಕೆ ಅಲ್ಲಿಂದಲೇ ವೈದ್ಯರಿಗೆ ಫೋನ್ ಮಾಡಿದರು. ಡಬ್ಬಿಯ ಸೀಲು ಒಡೆಯದೆ ಉಳಿಯಿತು.