ಬಣ್ಣದ ಬಾಳಿಕೆ

ರಾವಂದೂರಿನ ಹೊಗೆಸೊಪ್ಪಿನ ರೈತನಿಗೆ ಬಣ್ಣದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎಲೆಯ ಬಣ್ಣ ತುಸು ಕೆಟ್ಟರೂ ಹರಾಜಿನಲ್ಲಿ ಅದರ ದರ್ಜೆ ಇಳಿಯುತ್ತದೆ. ಆದರೆ ಅದೇ ರೈತನ ಮನೆಯ ಗೋಡೆಯ ಮೇಲಿರುವ ಹಿರಿಯರ ಭಾವಚಿತ್ರದ ಬಣ್ಣವನ್ನು ಪರೀಕ್ಷಿಸುವವರಾರು?

ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಪ್ರಸಿದ್ಧ ಕಪ್ಪು-ಬಿಳುಪು ಚಿತ್ರಗಳ ಕಾಲದಲ್ಲಿ ಕಾಗದದ ಮೇಲೆ ಬಿಂಬ ಮೂಡುತ್ತಿದ್ದುದು ಬೆಳ್ಳಿಯ ಕಣಗಳಿಂದ. ಸರಿಯಾಗಿ ತೊಳೆದ ಅಂಥ ಪ್ರತಿ ಬೆಳಕಿಗೆ ಸುಲಭವಾಗಿ ಸೋಲದು. ವರ್ಣಚಿತ್ರವಾದರೋ ಬಣ್ಣದ್ರವ್ಯಗಳ ಕೃಪೆಯಲ್ಲಿರುವಂಥದು. ಬೆಳಕು ಅವುಗಳ ಅಣುಗಳನ್ನೇ ಒಡೆಯುತ್ತದೆ.

ಇದರ ಬಾಳಿಕೆಯನ್ನು ಅಳೆಯುವ ಕ್ರಮವುಂಟು. ಪ್ರತಿಯನ್ನು ತೀವ್ರವಾದ ದೀಪದಡಿ ಇರಿಸಿ, ಬಣ್ಣಗಳು ಎಷ್ಟು ಕುಂದಿದವೆಂದು ಮತ್ತೆ ಮತ್ತೆ ಅಳೆದು, ಮನೆಯ ಸಾಧಾರಣ ಬೆಳಕಿನಲ್ಲಿ ಎಷ್ಟು ವರ್ಷ ಉಳಿಯಬಹುದೆಂದು ಲೆಕ್ಕ ಹಾಕುತ್ತಾರೆ. ಆದರೆ ‘ಸಾಧಾರಣ’ವೆಂದರೆ ಎಷ್ಟು? ಅಮೆರಿಕದ ವಿಲ್ಹೆಲ್ಮ್ ಸಂಶೋಧನಾ ಸಂಸ್ಥೆ ದಿನಕ್ಕೆ 12 ಗಂಟೆ 450 ಲಕ್ಸ್ ಎಂದು ಎಣಿಸಿತು. ಕೊಡಾಕ್ ಕಂಪೆನಿ 120 ಲಕ್ಸ್ ಎಂದಿತು. ಪ್ರತಿ ಒಂದೇ ಆದರೂ ಎರಡನೆಯ ಲೆಕ್ಕದಲ್ಲಿ ಆಯುಷ್ಯ ನಾಲ್ಕು ಪಟ್ಟಿನ ಸಮೀಪಕ್ಕೆ ಬೆಳೆಯಿತು! ಆದುದರಿಂದ ಎಷ್ಟು ಬೆಳಕಿನಲ್ಲಿ ಎಂದು ಹೇಳದೆ ‘ನೂರು ವರ್ಷ’ ಎನ್ನುವುದು ಅರ್ಥವಿಲ್ಲದ ಮಾತು. ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಅದರ ಒಂದು ಗಂಟೆಯೇ 450 ಲಕ್ಸಿನ ಹದಿನೆಂಟು ದಿನಗಳಿಗೆ ಸಮ. ನಮ್ಮ ಜಗಲಿಯ ಬಿಸಿಲನ್ನು ಯಾವ ಕಂಪೆನಿಯೂ ಗಣಿಸಿದಂತಿಲ್ಲ.

ಚಿತ್ರಗಳೆಲ್ಲ ಮೊಬೈಲಿನಲ್ಲಿರುವಾಗ ಈ ಚಿಂತೆಯೇಕೆ ಎನ್ನುವವರಿದ್ದಾರೆ. ತೀರಿಹೋದ ತಾಯಿಯ ಚಿತ್ರ ಒಂದೇ ಒಂದು ಉಳಿದಿದ್ದು, ಅದರ ನೆಗೆಟಿವ್ ಕೂಡ ಇಲ್ಲದ ಮನೆಗಳಿಗೆ ಆ ಸಮಾಧಾನ ಸಲ್ಲದು. ಅಲ್ಲಿ ಬಣ್ಣ ಮಾಸುವುದೆಂದರೆ ಮುಖವೇ ಮರೆಯಾಗುವುದು.

ಪರೀಕ್ಷೆಗೆ ದೊಡ್ಡ ಪ್ರಯೋಗಶಾಲೆಯೇ ಬೇಕೆಂದಿಲ್ಲ. ಸ್ಟುಡಿಯೋದವರು ತಾವು ಬಳಸುವ ಕಾಗದದ ಮೇಲೆ ಒಂದು ಚಿತ್ರ ಮುದ್ರಿಸಿ, ಅರ್ಧಭಾಗಕ್ಕೆ ಅಲ್ಯೂಮಿನಿಯಂ ಹಾಳೆ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು ತಿಂಗಳಿಗೊಮ್ಮೆ ಎರಡು ಭಾಗಗಳನ್ನು ಹೋಲಿಸಲಿ. ವಿವಿಧ ಕಾಗದ, ಶಾಯಿಗಳನ್ನು ಜೊತೆಯಲ್ಲಿಟ್ಟರೆ ಯಾವುದು ಮೇಲೆಂಬುದು ಕಣ್ಣಿಗೇ ಕಾಣುತ್ತದೆ. ಶಾಲೆಯ ಮಕ್ಕಳಿಗೂ ಇದು ಒಳ್ಳೆಯ ವಿಜ್ಞಾನಪಾಠವಾದೀತು. ಗ್ರಾಹಕರು ಚೌಕಟ್ಟಿನ ಅಂದವನ್ನು ವಿಚಾರಿಸುವಷ್ಟೇ ಆಸ್ಥೆಯಿಂದ ಈ ಪರೀಕ್ಷೆಯ ಫಲವನ್ನೂ ಕೇಳಬೇಕು. ಅಲ್ಲಿಯವರೆಗೆ ಮೂಲಚಿತ್ರ ಕತ್ತಲ ಪೆಟ್ಟಿಗೆಯಲ್ಲಿರಲಿ, ಗೋಡೆಯ ಮೇಲೆ ಅದರ ನಕಲಿರಲಿ. ನೆನಪನ್ನು ಪೂಜಿಸುವ ನಾವು ಅದನ್ನು ಕಾಪಾಡುವುದನ್ನೂ ಕಲಿಯಬೇಡವೆ?